ಋಣವನ್ನು ಋಣದಿಂದ ಗುಣಿಸಿದರೆ ಧನವೇಕೆ?

ದೇವಋಣ, ಋಷಿಋಣ, ಪಿತೃಋಣಗಳೆಂಬ ಮೂರು ಋಣಗಳ ವಿಚಾರವನ್ನು ಉಪನಯನವಾದ ವಟುವಿಗೂ ನಮ್ಮ ಮನೆಗಳಲ್ಲಿ ತಿಳಿಸಿಕೊಡುವ ಪದ್ಧತಿಯುಂಟು. ತೀರಿಸಬೇಕಾದದ್ದು ಎಂಬ ಅರ್ಥದ ಈ ಶಬ್ದವೇ ನಮ್ಮ ಗಣಿತಶಾಸ್ತ್ರದಲ್ಲಿಯೂ ಸ್ಥಾನ ಪಡೆದಿದೆ. ಶೂನ್ಯಕ್ಕಿಂತ ಮೇಲಿನದು ಧನ, ಶೂನ್ಯಕ್ಕಿಂತ ಕೆಳಗಿನದು ಋಣ. ಪರಪ್ರಾಂತದಲ್ಲಿ ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿರುವ ನಮ್ಮ ಮೊಮ್ಮಕ್ಕಳು ಇವನ್ನು ಪ್ಲಸ್, ಮೈನಸ್ ಎಂದು ಕರೆಯುತ್ತಾರೆ. ‘ಮೈನಸ್ ಇಂಟು ಮೈನಸ್ ಪ್ಲಸ್’ ಎಂಬ ಸೂತ್ರವನ್ನು ಆರನೆಯ, ಏಳನೆಯ ತರಗತಿಯಲ್ಲಿಯೇ ಬಾಯಿಪಾಠ ಮಾಡುತ್ತಾರೆ. ‘ಅದು ಏಕೆ ಹಾಗೆ?’ ಎಂದು ಮಗು ಕೇಳಿದರೆ ಹಿರಿಯರು ಸಾಮಾನ್ಯವಾಗಿ ಕೊಡುವ ಉತ್ತರ ಒಂದೇ: ‘ನಿಯಮವೇ ಹಾಗಿದೆ, ಲೆಕ್ಕ ಮಾಡು.’

ಈ ಪ್ರಶ್ನೆಯನ್ನು ಕೇಳಿದ ಮೊದಲಿಗರು ನಮ್ಮ ಮಕ್ಕಳೇನೂ ಅಲ್ಲ. ನಿಯಮವು ಹುಟ್ಟಿ ಇಂದಿಗೆ ಸುಮಾರು 1400 ವರ್ಷಗಳಾದವು. ಅದಕ್ಕೆ ಸಮರ್ಪಕವಾದ ಉಪಪತ್ತಿ, ಅಂದರೆ ಕಾರಣಸಹಿತವಾದ ಸಮರ್ಥನೆ, ದೊರೆಯಲು ಅದರಲ್ಲಿ ಬಹುಪಾಲು ಕಾಲ ಹಿಡಿಯಿತು. ಸುಜ್ಞ ವಾಚಕರ ಮುಂದೆ ಆ ಕಥೆಯನ್ನು ಇಡುವುದು ಈ ಲೇಖನದ ಉದ್ದೇಶ.

ರಾಜಸ್ಥಾನದ ಜಾಲೋರ ಜಿಲ್ಲೆಯಲ್ಲಿ ಭೀನ್ಮಾಳ ಎಂಬ ಊರಿದೆ. ಅಲ್ಲಿಯ ರೈಲು ನಿಲ್ದಾಣದ ಹೆಸರು ಮಾರವಾಡ ಭೀನ್ಮಾಳ. ಪೂರ್ವದಲ್ಲಿ ಇದು ಭಿಲ್ಲಮಾಲವೆಂದು ಪ್ರಸಿದ್ಧವಾಗಿತ್ತು. ಬ್ರಹ್ಮಗುಪ್ತನೆಂಬ ಜ್ಯೋತಿಷಿಯು ಕ್ರಿ.ಶ. 628ರಲ್ಲಿ, ತನ್ನ 30ನೆಯ ವಯಸ್ಸಿನಲ್ಲಿ, ‘ಬ್ರಾಹ್ಮಸ್ಫುಟಸಿದ್ಧಾಂತ’ವನ್ನು ರಚಿಸಿದನು. ಆ ಗ್ರಂಥದ 18ನೆಯ ಅಧ್ಯಾಯವಾದ ಕುಟ್ಟಕಾಧ್ಯಾಯದಲ್ಲಿ ಧನ, ಋಣ, ಶೂನ್ಯಗಳ ಸಂಕಲನ, ವ್ಯವಕಲನ, ಗುಣಾಕಾರ, ಭಾಗಾಕಾರಗಳ ನಿಯಮಗಳೆಲ್ಲವೂ ಕೆಲವೇ ಆರ್ಯಾ ಶ್ಲೋಕಗಳಲ್ಲಿ ಅಡಕವಾಗಿವೆ. ಧನವನ್ನು ಋಣದಿಂದ ಗುಣಿಸಿದರೆ ಋಣ. ಋಣವನ್ನು ಋಣದಿಂದ ಗುಣಿಸಿದರೆ ಧನ. ಧನವನ್ನು ಧನದಿಂದ ಗುಣಿಸಿದರೆ ಧನ. ಭಾಗಾಕಾರದಲ್ಲಿಯೂ ಅದೇ ಕ್ರಮ: ಎರಡೂ ಸಜಾತೀಯವಾದರೆ ಫಲ ಧನ, ವಿಜಾತೀಯವಾದರೆ ಋಣ. ಇಂದಿನ ಪಠ್ಯಪುಸ್ತಕದಲ್ಲಿ ಇರುವುದೂ ಇಷ್ಟೇ. ಆದರೆ ಬ್ರಹ್ಮಗುಪ್ತನು ಇದು ಹೀಗೆಂದು ವಿಧಿಸಿದನೇ ಹೊರತು ಏಕೆಂದು ಹೇಳಲಿಲ್ಲ. ಸೂತ್ರಪ್ರಾಯವಾದ ಗ್ರಂಥಗಳಲ್ಲಿ ಕಾರಣವನ್ನು ಹೇಳುವ ಹೊಣೆ ಗುರುವಿನದು, ವ್ಯಾಖ್ಯಾನಕಾರನದು.

ಜ್ಯೋತಿಷ್ಯದ ಗ್ರಂಥದಲ್ಲಿ ಈ ನಿಯಮಗಳಿಗೇನು ಕೆಲಸ ಎಂದು ಕೆಲವರು ಕೇಳಬಹುದು. ಏಕಾದಶಿಯ ಉಪವಾಸವನ್ನು ನಿಷ್ಠೆಯಿಂದ ಆಚರಿಸುವ ಮನೆತನಗಳಿಗೆ ಇದರ ಉತ್ತರ ತಿಳಿದಿರಲೇಬೇಕು. ಸೂರ್ಯನಿಂದ ಚಂದ್ರನು 12 ಅಂಶಗಳಷ್ಟು ಮುಂದೆ ಹೋದಾಗ ಒಂದು ತಿಥಿ ಮುಗಿಯುತ್ತದೆ. ಪಂಚಾಂಗಕರ್ತನು ಮೊದಲು ಚಂದ್ರನ ಮಧ್ಯಮ ಗತಿಯಿಂದ ಒಂದು ಸ್ಥಾನವನ್ನು ಗಣಿಸಿ, ಅದಕ್ಕೆ ಮಂದಫಲವೆಂಬ ತಿದ್ದುಪಡಿಯನ್ನು ಮಾಡುತ್ತಾನೆ. ಈ ಫಲವು ಮಾಸದ ಅರ್ಧಭಾಗದಲ್ಲಿ ಧನ, ಇನ್ನರ್ಧದಲ್ಲಿ ಋಣ. ಅದರ ಗರಿಷ್ಠ ಪ್ರಮಾಣ ಸುಮಾರು 5 ಅಂಶ. ಕೂಡಿಸಬೇಕಾದಲ್ಲಿ ಕಳೆದರೆ ಒಟ್ಟು 10 ಅಂಶಗಳ ವ್ಯತ್ಯಾಸ ಬೀಳುತ್ತದೆ. ಒಂದು ತಿಥಿಗೆ 12 ಅಂಶವೆಂದ ಮೇಲೆ, ದಶಮಿಯನ್ನೇ ಏಕಾದಶಿಯೆಂದು ಉಪವಾಸ ಮಾಡಿ, ನಿಜವಾದ ಹರಿದಿನದಂದು ಊಟ ಮಾಡುವ ಅನರ್ಥಕ್ಕೆ ಇಷ್ಟೇ ಸಾಕು! ಧನ-ಋಣಗಳ ಚಿಹ್ನೆಯು ನಮ್ಮ ಪೂರ್ವಜರಿಗೆ ಬುದ್ಧಿವಿಲಾಸದ ವಿಷಯವಾಗಿರದೆ ನಿತ್ಯದ ಅಗತ್ಯವಾಗಿದ್ದುದು ಹೀಗೆ.

ಇಲ್ಲಿ ಒಂದು ಮಾತನ್ನು ನಿಷ್ಪಕ್ಷಪಾತವಾಗಿ ಹೇಳಬೇಕು. ಋಣ ಸಂಖ್ಯೆಯ ಕಲ್ಪನೆ ನಮಗೊಬ್ಬರಿಗೇ ಹೊಳೆದದ್ದಲ್ಲ. ಚೀನೀಯರು ಬ್ರಹ್ಮಗುಪ್ತನಿಗಿಂತ ಶತಮಾನಗಳ ಮೊದಲೇ ಎಣಿಕೆಯ ಕಡ್ಡಿಗಳಿಂದ ಇಂತಹ ಲೆಕ್ಕಗಳನ್ನು ಮಾಡುತ್ತಿದ್ದರು. ಕೆಂಪು ಕಡ್ಡಿ ಧನ, ಕಪ್ಪು ಕಡ್ಡಿ ಋಣವೆಂದು ಕ್ರಿ.ಶ. 263ರಲ್ಲಿ ಲಿಯು ಹುಯಿ ಎಂಬ ವ್ಯಾಖ್ಯಾನಕಾರನು ವಿವರಿಸಿದ್ದಾನೆ. ಕೂಡಿಸುವ, ಕಳೆಯುವ ನಿಯಮಗಳು ಅವರಲ್ಲಿದ್ದವು. ಗುಣಾಕಾರದ ಚಿಹ್ನಾನಿಯಮವು 1299ರ ಝು ಶಿಜಿಯೆಯ ಗ್ರಂಥದಲ್ಲಿ ಕಾಣುತ್ತದೆ. ಗ್ರೀಕರ ಡಯೊಫಾಂಟಸನು ಕಳೆಯಬೇಕಾದ ಪದಗಳ ಗುಣಾಕಾರಕ್ಕೆ ಸರಿಯಾದ ನಿಯಮವನ್ನೇ ಕೊಟ್ಟನಾದರೂ ಸಮೀಕರಣದ ಉತ್ತರವೇ ಋಣವಾಗಿ ಬಂದಾಗ ಅದನ್ನು ಅಸಂಬದ್ಧವೆಂದು ಕೈಬಿಟ್ಟನು. ಧನ, ಋಣ, ಶೂನ್ಯ ಮೂರನ್ನೂ ಸಮಾನ ಪಂಕ್ತಿಯಲ್ಲಿ ಕುಳ್ಳಿರಿಸಿ ನಾಲ್ಕೂ ಕ್ರಿಯೆಗಳ ನಿಯಮವನ್ನು ಒಂದೆಡೆ ಹೇಳಿದ ಶ್ರೇಯಸ್ಸು ಮಾತ್ರ ಬ್ರಹ್ಮಗುಪ್ತನಿಗೇ ಸಲ್ಲಬೇಕು. ‘ಎಲ್ಲವೂ ನಮ್ಮಲ್ಲೇ ಇತ್ತು’ ಎಂದು ಹೇಳಿಕೊಳ್ಳುವುದಕ್ಕಿಂತ ಇದ್ದದ್ದನ್ನು ಇದ್ದಷ್ಟೇ ಹೇಳಿದರೂ ನಮ್ಮ ಹೆಮ್ಮೆಗೆ ಕೊರತೆಯಾಗದು.

ಕನ್ನಡ ನಾಡಿನ ಪಾಲೂ ಇದರಲ್ಲಿದೆ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ 9ನೆಯ ಶತಮಾನದಲ್ಲಿ, ಜೈನ ವಿದ್ವಾಂಸರಾದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ವನ್ನು ಬರೆದರು. ಅವರು ಚಿಹ್ನಾನಿಯಮಗಳನ್ನು ಹೇಳಿ, ಮತ್ತೊಂದು ಹೆಜ್ಜೆ ಮುಂದಿಟ್ಟರು: ಧನದ ವರ್ಗವೂ ಧನ, ಋಣದ ವರ್ಗವೂ ಧನ, ಆದ್ದರಿಂದ ಋಣ ಸಂಖ್ಯೆಯು ಸ್ವಭಾವತಃ ಯಾವುದರ ವರ್ಗವೂ ಆಗಲಾರದು, ಅದಕ್ಕೆ ವರ್ಗಮೂಲವಿಲ್ಲ. ಚಿಹ್ನಾನಿಯಮದಿಂದ ಹೊರಡುವ ಒಂದು ಗಂಭೀರವಾದ ಪರಿಣಾಮವನ್ನು ಇಷ್ಟು ಸ್ಪಷ್ಟವಾಗಿ ಗುರುತಿಸಿದ್ದು ಸಣ್ಣ ಮಾತಲ್ಲ. ಈ ಗ್ರಂಥವನ್ನು 1912ರಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಮದರಾಸಿನಲ್ಲಿ ಪ್ರಕಟಿಸಿದರು.

ಇನ್ನು ಭಾಸ್ಕರಾಚಾರ್ಯರು. 1114ರಲ್ಲಿ ಜನಿಸಿದ ಇವರು 1150ರಲ್ಲಿ ‘ಸಿದ್ಧಾಂತಶಿರೋಮಣಿ’ಯನ್ನು ಪೂರ್ಣಗೊಳಿಸಿದರು. ‘ಲೀಲಾವತಿ’ ಮತ್ತು ‘ಬೀಜಗಣಿತ’ಗಳು ಅದರ ಮೊದಲೆರಡು ಭಾಗಗಳೆಂದು ಪರಿಗಣಿತವಾಗಿವೆ. ಅವರ ಊರಾದ ವಿಜ್ಜಡವಿಡವು ಇಂದಿನ ವಿಜಯಪುರವೇ ಎಂದು ಕನ್ನಡಿಗರು ಅಭಿಮಾನದಿಂದ ಹೇಳುವುದುಂಟು. ಆದರೆ ಊರು ಸಹ್ಯಪರ್ವತದ ಆಶ್ರಯದಲ್ಲಿತ್ತೆಂದು ಸ್ವತಃ ಆಚಾರ್ಯರೇ ಬರೆದಿರುವುದರಿಂದ, ಖಾನದೇಶದ ಕಡೆಗೆ ಬೆರಳು ತೋರಿಸುವವರ ವಾದವೇ ನನಗೆ ಹೆಚ್ಚು ಯುಕ್ತವೆನಿಸುತ್ತದೆ. ಆ ಕಡೆಯ ಒಂದು ಶಾಸನದ ವಿಚಾರವನ್ನು ಮುಂದೆ ಹೇಳುವೆನು.

ಭಾಸ್ಕರಾಚಾರ್ಯರ ಕಾಲದಲ್ಲಿ ಋಣ ಸಂಖ್ಯೆಯ ಮೇಲೆ ಒಂದು ಚುಕ್ಕೆಯನ್ನು ಇಡುವ ಕ್ರಮವಿತ್ತು. (ಪೇಶಾವರದ ಬಳಿ 1881ರಲ್ಲಿ ದೊರೆತ ಬಖ್ಶಾಲೀ ಹಸ್ತಪ್ರತಿಯಲ್ಲಿ ಋಣಕ್ಕೆ ಬಳಸಿರುವ ಗುರುತು ನಮ್ಮ ಇಂದಿನ ಪ್ಲಸ್ ಚಿಹ್ನೆಯಂತೆಯೇ ಇದೆಯೆಂಬುದು ಒಂದು ವಿನೋದ!) ಋಣದ ವಿಷಯದಲ್ಲಿ ಆಚಾರ್ಯರ ಮನಸ್ಸು ಎಷ್ಟು ಜಾಗರೂಕವಾಗಿತ್ತೆಂಬುದಕ್ಕೆ ಅವರ ಎರಡು ಉದಾಹರಣೆಗಳನ್ನು ನೋಡಬಹುದು.

ಮೊದಲನೆಯದು ಕಪಿಗಳ ಲೆಕ್ಕ. ಒಂದು ಕಪಿಸಮೂಹದ ಐದನೆಯ ಒಂದು ಭಾಗದಲ್ಲಿ ಮೂರನ್ನು ಕಳೆದು, ಬಂದದ್ದನ್ನು ವರ್ಗ ಮಾಡಿದರೆ ಎಷ್ಟಾಗುವುದೋ ಅಷ್ಟು ಕಪಿಗಳು ಗುಹೆಯನ್ನು ಹೊಕ್ಕವು, ಒಂದು ಮಾತ್ರ ಕೊಂಬೆಯ ಮೇಲೆ ಕಾಣುತ್ತಿದೆ, ಒಟ್ಟು ಎಷ್ಟು? ಸಮೀಕರಣಕ್ಕೆ 50 ಮತ್ತು 5 ಎಂಬ ಎರಡು ಉತ್ತರಗಳು ಬರುತ್ತವೆ. 50ರ ಐದನೆಯ ಒಂದು ಭಾಗ 10, ಮೂರು ಕಳೆದರೆ 7, ವರ್ಗ 49, ಕೊಂಬೆಯ ಮೇಲಿನದು ಸೇರಿ 50. ಸರಿ. 5ರ ಐದನೆಯ ಒಂದು ಭಾಗ 1, ಮೂರು ಕಳೆದರೆ ಋಣ 2. ಅದರ ವರ್ಗ, ಋಣವನ್ನು ಋಣದಿಂದ ಗುಣಿಸಿದ್ದರಿಂದ, ಧನ 4. ಒಂದನ್ನು ಸೇರಿಸಿದರೆ 5. ಲೆಕ್ಕ ತಪ್ಪಿಲ್ಲ! ಆದರೂ ಆಚಾರ್ಯರು ಎರಡನೆಯ ಉತ್ತರವನ್ನು ಇಲ್ಲಿ ಅಂಗೀಕರಿಸಲಿಲ್ಲ. ಕಣ್ಣೆದುರಿನ ವಸ್ತುಗಳ ಎಣಿಕೆ ಋಣವಾಗುವುದನ್ನು ಲೋಕವು ಒಪ್ಪುವುದಿಲ್ಲ ಎಂಬುದು ಅವರ ಕಾರಣ.

ಎರಡನೆಯದು ಲೀಲಾವತಿಯ ತ್ರಿಭುಜ. ಅದರ ಭುಜಗಳು 10 ಮತ್ತು 17, ಭೂಮಿ 9. ಶಿಖರದಿಂದ ಭೂಮಿಗೆ ಲಂಬವನ್ನು ಇಳಿಸಿದಾಗ ಆಗುವ ಎರಡು ಖಂಡಗಳನ್ನು ಕಂಡುಹಿಡಿಯಬೇಕು. ಸೂತ್ರದಂತೆ ಒಂದು ಖಂಡ 15, ಇನ್ನೊಂದು ಋಣ 6. ಇಲ್ಲಿ ಆಚಾರ್ಯರು ಋಣವನ್ನು ತಳ್ಳಿಹಾಕಲಿಲ್ಲ. ಆ ಖಂಡವು ವಿರುದ್ಧ ದಿಕ್ಕಿನಲ್ಲಿದೆ ಎಂದು ಅರ್ಥಮಾಡಬೇಕೆಂದರು. ಅಂದರೆ ಲಂಬವು ತ್ರಿಭುಜದ ಹೊರಗೆ ಬೀಳುತ್ತದೆ. 10ರ ವರ್ಗ 100ರಲ್ಲಿ ಋಣ 6ರ ವರ್ಗವಾದ 36ನ್ನು ಕಳೆದರೆ 64. 17ರ ವರ್ಗ 289ರಲ್ಲಿ 15ರ ವರ್ಗ 225ನ್ನು ಕಳೆದರೂ 64. ಲಂಬ 8. ಋಣದ ವರ್ಗವು ಧನವಾಗದಿದ್ದರೆ ಈ ಎರಡು ಲೆಕ್ಕಗಳು ಹೊಂದುತ್ತಲೇ ಇರಲಿಲ್ಲ. ಕಾಗದದ ಮೇಲೆ ಅಳತೆಗೋಲಿನಿಂದ ಈ ಚಿತ್ರವನ್ನು ಬರೆದು ಮಕ್ಕಳಿಗೆ ತೋರಿಸಬಹುದು. ಒಂದು ಗಂಟೆಯ ಉಪನ್ಯಾಸಕ್ಕಿಂತ ಅದು ಮೇಲು.

ಲಂಬವು ಹೊರಗೆ ಬಿದ್ದ ಈ ತ್ರಿಭುಜದಲ್ಲಿ ಒಂದು ದೊಡ್ಡ ವಿಚಾರ ಅಡಗಿದೆ. ಋಣವೆಂದರೆ ಸಾಲ ಎಂಬ ಅರ್ಥವು ಸಂಕಲನ, ವ್ಯವಕಲನಗಳಿಗೆ ಸಾಕು. ಮೂರು ರೂಪಾಯಿ ಸಾಲ, ಮತ್ತೆ ನಾಲ್ಕು ರೂಪಾಯಿ ಸಾಲ, ಒಟ್ಟು ಏಳು ರೂಪಾಯಿ ಸಾಲವೆಂದರೆ ಯಾರಿಗೂ ತಿಳಿಯುತ್ತದೆ. ಆದರೆ ಸಾಲವನ್ನು ಸಾಲದಿಂದ ಗುಣಿಸುವುದೆಂದರೇನು? ಈ ಶಂಕೆಯಲ್ಲಿ ಸಿಕ್ಕಿಕೊಂಡವರು ಯುರೋಪಿನಲ್ಲಿ ಅನೇಕರು.

ನಮ್ಮ ಅಂಕಿಗಳೂ ಶೂನ್ಯವೂ ಅರಬರ ಮೂಲಕ ಪಶ್ಚಿಮಕ್ಕೆ ಹೋದವು; ಋಣ ಸಂಖ್ಯೆ ಜೊತೆಯಲ್ಲಿ ಹೋಗಲಿಲ್ಲ. 9ನೆಯ ಶತಮಾನದ ಬಾಗ್ದಾದಿನ ಅಲ್ ಖ್ವಾರಿಜ್ಮಿಯು ಋಣವನ್ನು ತಪ್ಪಿಸುವುದಕ್ಕಾಗಿ ಸಮೀಕರಣಗಳನ್ನು ಆರು ಬೇರೆ ಬೇರೆ ಜಾತಿಗಳಾಗಿ ಒಡೆದನು. ಇಟಲಿಯ ಕಾರ್ಡಾನೊ 1545ರ ತನ್ನ ಗ್ರಂಥದಲ್ಲಿ ಋಣ ಉತ್ತರಗಳನ್ನು ಕಲ್ಪಿತವೆಂದು ಕರೆದನು. 1570ರ ಮತ್ತೊಂದು ಗ್ರಂಥದಲ್ಲಿ ಋಣದಿಂದ ಋಣವನ್ನು ಗುಣಿಸಿದರೆ ಋಣವೇ ಬರಬೇಕೆಂದು ವಾದಿಸುವಷ್ಟರ ಮಟ್ಟಿಗೆ ಹೋದನು. ಅದಾದ ಎರಡೇ ವರ್ಷಕ್ಕೆ, 1572ರಲ್ಲಿ, ಅದೇ ಇಟಲಿಯ ಬೊಂಬೆಲ್ಲಿಯು ಸರಿಯಾದ ನಿಯಮಗಳನ್ನು ಕ್ರಮವಾಗಿ ಬರೆದಿಟ್ಟನು. ಬೊಂಬೆಲ್ಲಿ ಜೌಗು ಪ್ರದೇಶಗಳ ನೀರನ್ನು ಬಸಿದು ಭೂಮಿಯನ್ನು ಉದ್ಧರಿಸುವ ಕೆಲಸದಲ್ಲಿದ್ದ ಎಂಜಿನಿಯರ್; ಏರು ತಗ್ಗುಗಳ ಅಳತೆ ಬಲ್ಲವನಿಗೆ ಋಣದ ಭಯ ಕಡಿಮೆಯೆಂದು ನನ್ನ ಊಹೆ. ಆದರೂ ವಿವಾದ ನಿಲ್ಲಲಿಲ್ಲ. ಇಂಗ್ಲೆಂಡಿನ ವಿಲಿಯಂ ಫ್ರೆಂಡ್ 1796ರಲ್ಲಿ ಋಣ ಸಂಖ್ಯೆಗಳನ್ನೇ ಬಹಿಷ್ಕರಿಸಿ ಒಂದು ಬೀಜಗಣಿತವನ್ನು ಬರೆದನು. ‘ಸ್ಟೆಂಡಾಲ್’ ಎಂಬ ಕಾವ್ಯನಾಮದಿಂದ ಪ್ರಸಿದ್ಧನಾದ ಫ್ರೆಂಚ್ ಕಾದಂಬರಿಕಾರನು ತನ್ನ ಆತ್ಮಕಥೆಯಲ್ಲಿ ಬಾಲ್ಯದ ಈ ಸಂಕಟವನ್ನು ತೋಡಿಕೊಂಡಿದ್ದಾನೆ: ಹತ್ತು ಸಾವಿರ ಫ್ರಾಂಕ್ ಸಾಲವನ್ನು ಐನೂರು ಫ್ರಾಂಕ್ ಸಾಲದಿಂದ ಗುಣಿಸಿದರೆ ಐವತ್ತು ಲಕ್ಷ ಫ್ರಾಂಕ್ ಸಂಪತ್ತು ಬರುವುದು ಹೇಗೆ? ದೊಡ್ಡವರೆಲ್ಲ ಒಪ್ಪಿದ ರೂಢಿ ಇದು ಎಂಬುದಕ್ಕಿಂತ ಹೆಚ್ಚಿನ ಸಮಾಧಾನ ಅವನ ಗುರುಗಳಿಂದ ಅವನಿಗೆ ದೊರೆಯಲಿಲ್ಲ. ನಮ್ಮ ಮಕ್ಕಳಿಗೆ ನಾವು ಕೊಡುವ ಉತ್ತರವೂ ಅದೇ ಅಲ್ಲವೇ?

ಸ್ಟೆಂಡಾಲನಿಗೆ ಎರಡು ಶತಮಾನಗಳ ಹಿಂದೆ, ಅಂದರೆ 1600ರ ಆಸುಪಾಸಿನಲ್ಲಿ, ಈ ಪ್ರಶ್ನೆಗೆ ಬೇಕಾದ ಕೀಲಿಕೈಯನ್ನು ಕಾಶಿಯಲ್ಲಿದ್ದ ಕೃಷ್ಣ ದೈವಜ್ಞರು ಕೊಟ್ಟಿದ್ದರು. ಮೊಗಲ್ ಬಾದಶಹ ಜಹಾಂಗೀರನ ಮನ್ನಣೆಗೆ ಪಾತ್ರರಾಗಿದ್ದ ಈ ವಿದ್ವಾಂಸರು ಭಾಸ್ಕರಾಚಾರ್ಯರ ಬೀಜಗಣಿತಕ್ಕೆ ‘ಬೀಜಪಲ್ಲವ’ವೆಂಬ ವ್ಯಾಖ್ಯಾನವನ್ನು ರಚಿಸಿದರು. ಅವರ ಮತದಲ್ಲಿ ಋಣತ್ವವೆಂದರೆ ವೈಪರೀತ್ಯ, ಅಂದರೆ ವಿರುದ್ಧವಾಗಿರುವಿಕೆ. ಅದು ದೇಶದಿಂದ, ಕಾಲದಿಂದ, ವಸ್ತುವಿನಿಂದ ಎಂದು ಮೂರು ವಿಧ. ಪೂರ್ವವು ಧನವಾದರೆ ಪಶ್ಚಿಮ ಋಣ. ಮುಂದಿನ ಕಾಲ ಧನವಾದರೆ ಕಳೆದ ಕಾಲ ಋಣ. ನನ್ನ ಸ್ವಾಮ್ಯದಲ್ಲಿರುವ ವಸ್ತು ಧನವಾದರೆ ನಾನು ಪರರಿಗೆ ಕೊಡಬೇಕಾದದ್ದು ಋಣ. ಸಾಲವು ಋಣದ ಒಂದು ಪ್ರಕಾರ ಮಾತ್ರ. ಇವುಗಳಲ್ಲಿ ದೇಶದ ದೃಷ್ಟಾಂತವೇ ಸುಲಭವೆಂದು, ಕಾಶಿಯನ್ನು ನಡುವೆ ಇಟ್ಟುಕೊಂಡು ಪೂರ್ವಕ್ಕೊಂದು ಪಟ್ಟಣ, ಪಶ್ಚಿಮಕ್ಕೆ ಪ್ರಯಾಗ, ಇವುಗಳ ನಡುವಣ ಯೋಜನಗಳ ಲೆಕ್ಕದಿಂದ ಅವರು ವಿಷಯವನ್ನು ವಿವರಿಸುತ್ತಾರೆ.

ಕೃಷ್ಣ ದೈವಜ್ಞರ ದೇಶ ಮತ್ತು ಕಾಲ ಎರಡನ್ನೂ ಒಂದೇ ಕಡೆ ಸೇರಿಸಿದರೆ ಗುಣಾಕಾರದ ರಹಸ್ಯ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ. ರೈಲು ಮಾರ್ಗದ ಮೇಲೆ ಅದನ್ನು ನೋಡೋಣ. ಅಪ್ ಲೈನ್, ಡೌನ್ ಲೈನ್‌ಗಳ ನಡುವೆ ಆಯುಷ್ಯವನ್ನು ಕಳೆದವನಿಗೆ ಬೇರೆ ದೃಷ್ಟಾಂತ ಹೊಳೆಯುವುದು ಕಷ್ಟ. ಸೊಲ್ಲಾಪುರವನ್ನು ಶೂನ್ಯವೆಂದು ಇಟ್ಟುಕೊಳ್ಳಿ. ಅಲ್ಲಿಂದ ವಾಡಿಯ ಕಡೆಗಿನ ದೂರ ಧನ, ಪುಣೆಯ ಕಡೆಗಿನದು ಋಣ. ಬೆಂಗಳೂರಿನಿಂದ ಮುಂಬಯಿಗೆ ಹೋಗುವ ಉದ್ಯಾನ ಎಕ್ಸ್‌ಪ್ರೆಸ್ ಗಂಟೆಗೆ 60 ಕಿ.ಮೀ. ವೇಗದಲ್ಲಿ ಈಗ ಸರಿಯಾಗಿ ಸೊಲ್ಲಾಪುರವನ್ನು ದಾಟುತ್ತಿದೆಯೆಂದು ಭಾವಿಸಿ. ಅದು ಪುಣೆಯತ್ತ ಸಾಗುತ್ತಿರುವುದರಿಂದ ಅದರ ವೇಗ ಋಣ 60. ಇನ್ನು 2 ಗಂಟೆಗಳ ನಂತರ ಅದು ಎಲ್ಲಿರುತ್ತದೆ? ಪುಣೆಯ ದಿಕ್ಕಿನಲ್ಲಿ 120 ಕಿ.ಮೀ.; ಅಂದರೆ ಋಣ 60ನ್ನು ಧನ 2ರಿಂದ ಗುಣಿಸಿದರೆ ಋಣ 120. 2 ಗಂಟೆಗಳ ಹಿಂದೆ ಅದು ಎಲ್ಲಿತ್ತು? ಹಿಂದಿನ ಕಾಲವಾದ್ದರಿಂದ ಇದು ಋಣ 2. ಗಾಡಿಯಾದರೋ ಆಗ ವಾಡಿಯ ಕಡೆಗೆ 120 ಕಿ.ಮೀ. ದೂರದಲ್ಲಿತ್ತು, ಅದು ಧನ 120. ಋಣ 60ನ್ನು ಋಣ 2ರಿಂದ ಗುಣಿಸಿದಾಗ ಧನ 120 ಬಂದಿತು. ಇದರಲ್ಲಿ ಯಾರ ಸಾಲವೂ ಇಲ್ಲ, ಯಾರ ಸಂಪತ್ತೂ ಇಲ್ಲ. ವಿರುದ್ಧದ ವಿರುದ್ಧವು ಅನುಕೂಲವಾಯಿತು, ಅಷ್ಟೇ. ಭಾಗಾಕಾರವನ್ನೂ ಇದರಲ್ಲಿಯೇ ಓದಬಹುದು. ಧನ 120ರಲ್ಲಿದ್ದ ಗಾಡಿಯು ಋಣ 60ರ ವೇಗದಲ್ಲಿ ಈಗ ಶೂನ್ಯಕ್ಕೆ ಬಂದಿದ್ದರೆ ಅದು ಅಲ್ಲಿದ್ದ ಕಾಲ ಯಾವುದು? ಋಣ 2, ಅಂದರೆ 2 ಗಂಟೆ ಹಿಂದೆ. ಧನವನ್ನು ಋಣದಿಂದ ಭಾಗಿಸಿದರೆ ಋಣ.

ದೃಷ್ಟಾಂತದಿಂದ ತೃಪ್ತರಾಗದೆ ಶುದ್ಧ ಗಣಿತದ ಉಪಪತ್ತಿಯನ್ನೇ ಬಯಸುವವರಿಗೆ ಲೀಲಾವತಿಯ ಗುಣಾಕಾರ ಪ್ರಕರಣದಲ್ಲಿಯೇ ಸಾಮಗ್ರಿಯಿದೆ. 135ನ್ನು 12ರಿಂದ ಗುಣಿಸಲು ಭಾಸ್ಕರಾಚಾರ್ಯರು ತೋರಿಸಿದ ಮಾರ್ಗಗಳಲ್ಲಿ ಒಂದು ಹೀಗಿದೆ: 12ಕ್ಕೆ ಇಷ್ಟಸಂಖ್ಯೆ 8ನ್ನು ಕೂಡಿಸಿ 20 ಮಾಡಿ, 135ನ್ನು 20ರಿಂದ ಗುಣಿಸಿದರೆ 2700, ಅದರಲ್ಲಿ 135ರ ಎಂಟರಷ್ಟಾದ 1080ನ್ನು ಕಳೆದರೆ 1620. ಈಗ ಇದೇ ಉಪಾಯವನ್ನು ಎರಡೂ ಸಂಖ್ಯೆಗಳಿಗೆ ಅನ್ವಯಿಸಿರಿ. 8ನ್ನು 7ರಿಂದ ಗುಣಿಸಬೇಕಾಗಿದೆ. 8 ಎಂದರೆ 10ರಲ್ಲಿ 2 ಕಡಿಮೆ. 7 ಎಂದರೆ 10ರಲ್ಲಿ 3 ಕಡಿಮೆ. ಹತ್ತು ಹತ್ತಲಿ ನೂರು; ಅದರಲ್ಲಿ ಇಪ್ಪತ್ತನ್ನೂ ಮೂವತ್ತನ್ನೂ ಕಳೆದರೆ ಉಳಿಯುವುದು 50. ಋಣ 2, ಋಣ 3ರ ಗುಣಲಬ್ಧ ಇನ್ನೂ ಸೇರಬೇಕಾಗಿದೆ. ಎಂಟು ಏಳಲಿ ಐವತ್ತಾರು ಎಂದು ಮಗ್ಗಿ ಬಲ್ಲ ಮಗುವಿಗೂ ಗೊತ್ತು. ಹಾಗಾದರೆ ಆ ಗುಣಲಬ್ಧವು ಧನ 6 ಆಗಲೇಬೇಕು. ಋಣ 6 ಎಂದರೆ 44 ಬಂದು ಮಗ್ಗಿಯೇ ಸುಳ್ಳಾಗುತ್ತದೆ. ಕಾರಣ ಇಷ್ಟೇ: ಇಪ್ಪತ್ತನ್ನೂ ಮೂವತ್ತನ್ನೂ ಬೇರೆ ಬೇರೆಯಾಗಿ ಕಳೆಯುವಾಗ ಒಂದು 6ನ್ನು ಎರಡು ಬಾರಿ ಕಳೆದುಬಿಟ್ಟಿದ್ದೇವೆ, ಅದನ್ನು ಒಮ್ಮೆ ಹಿಂದಿರುಗಿಸಬೇಕು. 1867ರಲ್ಲಿ ಜರ್ಮನಿಯ ಹರ್ಮನ್ ಹಾಂಕೆಲನು ಮಾಡಿದ ಪ್ರತಿಪಾದನೆಯ ಸಾರವೂ ಇದೇ ಬಗೆಯದು: ಧನ ಸಂಖ್ಯೆಗಳಲ್ಲಿ ನಡೆಯುವ ಗುಣಾಕಾರದ ನಿಯಮಗಳು ಋಣದಲ್ಲಿಯೂ ನಡೆಯಬೇಕಾದರೆ ಋಣ-ಋಣಗಳ ಗುಣಲಬ್ಧ ಧನವಾಗದೆ ಗತ್ಯಂತರವಿಲ್ಲ. ಯುರೋಪಿನ ದೀರ್ಘ ವಿವಾದ ಅಲ್ಲಿಗೆ ಶಮನವಾಯಿತೆನ್ನಬಹುದು.

ಶೂನ್ಯದಿಂದ ಭಾಗಿಸುವ ವಿಷಯದಲ್ಲಿ ಮಾತ್ರ ನಮ್ಮ ಪ್ರಾಚೀನರು ಒಮ್ಮತಕ್ಕೆ ಬರಲಿಲ್ಲ. ಶೂನ್ಯವನ್ನು ಶೂನ್ಯದಿಂದ ಭಾಗಿಸಿದರೆ ಶೂನ್ಯವೆಂದು ಬ್ರಹ್ಮಗುಪ್ತ ಹೇಳಿದರೆ, ಶೂನ್ಯದಿಂದ ಭಾಗಿಸಿದ ಸಂಖ್ಯೆ ಬದಲಾಗದೆ ಉಳಿಯುತ್ತದೆಂದು ಮಹಾವೀರಾಚಾರ್ಯರು ಬರೆದರು. ಇವೆರಡೂ ಇಂದು ನಿಲ್ಲುವ ಮಾತುಗಳಲ್ಲ. ಭಾಸ್ಕರಾಚಾರ್ಯರು ಅಂತಹ ರಾಶಿಯನ್ನು ಖಹರವೆಂದು ಕರೆದು, ಅದಕ್ಕೆ ಏನನ್ನು ಕೂಡಿಸಿದರೂ ಏನನ್ನು ಕಳೆದರೂ ವಿಕಾರವಿಲ್ಲವೆಂದರು. ಪ್ರಳಯದಲ್ಲಿ ಜೀವರಾಶಿಗಳು ಒಳಸೇರಿದರೂ ಸೃಷ್ಟಿಯಲ್ಲಿ ಹೊರಬಂದರೂ ಅನಂತನಾದ ಅಚ್ಯುತನಿಗೆ ಹೇಗೆ ಯಾವ ವಿಕಾರವೂ ಇಲ್ಲವೋ ಹಾಗೆ ಎಂಬುದು ಅವರು ಕೊಟ್ಟ ಉಪಮೆ. ಇಂದಿನ ಗಣಿತವು ಶೂನ್ಯದಿಂದ ಭಾಗಾಕಾರವನ್ನು ನಿಷೇಧಿಸುತ್ತದೆ. ಆದರೂ ಬೀಜಗಣಿತದ ಪಾಠದ ನಡುವೆ ಶ್ರೀಹರಿಯ ಸ್ಮರಣೆಯನ್ನು ಇಷ್ಟು ಸಹಜವಾಗಿ ತಂದ ಗ್ರಂಥಕಾರರು ಬೇರೊಬ್ಬರು ನನಗೆ ಗೊತ್ತಿಲ್ಲ.

ಕೊನೆಯದಾಗಿ ಆ ಶಾಸನದ ವಿಚಾರ. ಮುಂಬಯಿ-ಭುಸಾವಳ ಮಾರ್ಗದಲ್ಲಿ ಧುಳೆಯ ಕಡೆಗೆ ಕವಲೊಡೆಯುವ ಚಾಳೀಸಗಾಂವ ಜಂಕ್ಷನ್ ಇದೆ. ಅಲ್ಲಿಂದ ಸುಮಾರು 18 ಕಿ.ಮೀ. ದೂರದಲ್ಲಿ, ಬೆಟ್ಟಗಳ ಬುಡದಲ್ಲಿರುವ ಪಾಟಣವೆಂಬ ಹಳ್ಳಿಯ ಭವಾನೀ ದೇವಾಲಯದಲ್ಲಿ ದೊರೆತ ಈ ಶಿಲಾಶಾಸನವನ್ನು ಮುಂಬಯಿಯ ಡಾ. ಭಾವೂ ದಾಜಿಯವರು 1865ರಲ್ಲಿ ವಿದ್ವಲ್ಲೋಕದ ಗಮನಕ್ಕೆ ತಂದರು. ಭಾಸ್ಕರಾಚಾರ್ಯರ ಮಗ ಲಕ್ಷ್ಮೀಧರ, ಲಕ್ಷ್ಮೀಧರನ ಮಗ ಚಂಗದೇವ. ದೇವಗಿರಿಯ ಯಾದವ ರಾಜ ಸಿಂಘಣನ ಮುಖ್ಯ ಜ್ಯೋತಿಷಿಯಾಗಿದ್ದ ಈ ಚಂಗದೇವನು ತನ್ನ ತಾತನ ಸಿದ್ಧಾಂತಶಿರೋಮಣಿ ಮೊದಲಾದ ಗ್ರಂಥಗಳ ಪಾಠಕ್ಕಾಗಿಯೇ ಅಲ್ಲಿ ಒಂದು ಮಠವನ್ನು ಸ್ಥಾಪಿಸಿದನು. ನಿಕುಂಭ ವಂಶದ ಮಾಂಡಲಿಕರು ಅದಕ್ಕೆ 1207ರಲ್ಲಿ ಗ್ರಹಣಕಾಲದಲ್ಲಿ ದತ್ತಿ ಬಿಟ್ಟರು. ಶಾಸನದ ಬಹುಭಾಗ ಸಂಸ್ಕೃತದಲ್ಲಿದೆ. ಕೊನೆಯ ಸಾಲುಗಳು ಮಾತ್ರ ಹಳೆಯ ಮರಾಠಿಯಲ್ಲಿವೆ. ಊರಿನ ವ್ಯಾಪಾರಿಗಳೂ ಗಾಣದವರೂ ಓದಿಸಿ ತಿಳಿದುಕೊಳ್ಳಬೇಕಾಗಿದ್ದ ಭಾಗ ಅದು. ಪೇಟೆಯಲ್ಲಿ ಮಾರಾಟವಾಗುವ ಸರಕಿನ ಮೇಲೆ ಅರಸನಿಗೆ ಸಲ್ಲುವ ಸುಂಕದಲ್ಲಿ ಮಠಕ್ಕೆ ಬಿಟ್ಟ ಭಾಗ ಮತ್ತು ಗಾಣಗಳಿಂದ ಬರಬೇಕಾದ ಎಣ್ಣೆಯ ವಿವರಗಳು ಅಲ್ಲಿವೆ.